ಪಟ್ಟಿಯಲ್ಲಿಲ್ಲದವಳ ರಕ್ತ

ಕೋಲಿನ ತುದಿಯಿಂದ ಜಾರಿದ ಕುಡುಗೋಲು ಲೆಗಿಯೆಮಳ ಮೀನಖಂಡವನ್ನು ಸೀಳಿತ್ತು. ಮೇಲೆ ತಾಳೆಗೊನೆ ಕೊಯ್ಯುತ್ತಿದ್ದವನು ಅವಳ ಗಂಡ ವಾಗಿಮಾನನೇ. ಉದುರಿದ ಹಣ್ಣು ಆರಿಸುವುದು ಅವಳ ಪಾಲಿನ ದುಡಿಮೆ. ಸುಮಾತ್ರಾದ ಆ ತೋಟದಲ್ಲಿ ಗಂಡಸಿಗೆ ಗೊತ್ತುಮಾಡಿದ ಕೆಲಸ ಹೆಂಡತಿ ಕೈಹಾಕದೆ ಮುಗಿಯುತ್ತಿರಲಿಲ್ಲ. ಹಾಜರಿ ಪಟ್ಟಿಯಲ್ಲಿ ಮಾತ್ರ ಗಂಡನ ಹೆಸರೊಂದೇ.

ವಾಗಿಮಾನ ಕಾಫಿಪುಡಿ ಡಬ್ಬಿ ಹಿಡಿದು ಓಡಿಬಂದ. ಗಾಯಕ್ಕೆ ಕಾಫಿಪುಡಿ ತುಂಬುವುದು ಅಲ್ಲಿನವರ ರೂಢಿ. ಪಕ್ಕದ ಸಾಲಿನ ಪೊನಿರಾ ಡಬ್ಬಿಯನ್ನು ಅತ್ತ ತಳ್ಳಿದಳು. ಹೋದ ವರ್ಷ ಅವಳ ಮೈದುನನಿಗೆ ಹಾಗೇ ಪುಡಿ ತುಂಬಿ, ರಕ್ತ ನಿಂತಿತೇ ಎಂದು ಗಳಿಗೆಗೊಮ್ಮೆ ಬಟ್ಟೆ ಎತ್ತಿ ನೋಡಿ ನೋಡಿಯೇ ಸಾಯಿಸಿದ್ದರು.

ಪೊನಿರಾ ತನ್ನ ತಲೆವಸ್ತ್ರ ಬಿಚ್ಚಿ, ಮಡಿಸಿ ಗಾಯದ ಮೇಲಿಟ್ಟು, ಎರಡೂ ಅಂಗೈ ಊರಿ ಮೈಭಾರವೆಲ್ಲ ಬಿಟ್ಟಳು. ಅದು ತೊಯ್ದಾಗ ತೆಗೆಯದೆ ಅದರ ಮೇಲೇ ಇನ್ನೊಂದು ಬಟ್ಟೆ ಹಾಕಿಸಿಕೊಂಡಳು. ಆದರೂ ರಕ್ತ ಚಿಮ್ಮುತ್ತಿತ್ತು. ಕೂಸು ಎತ್ತಿಕೊಳ್ಳುವ ಅಗಲದ ಜೋಲಿಬಟ್ಟೆಯನ್ನು ತೊಡೆಗೆ ಬಿಗಿದು, ಗಂಟಿಗೆ ಗಟ್ಟಿ ಕೋಲು ಸಿಕ್ಕಿಸಿ ತಿರುಚಲು ವಾಗಿಮಾನನಿಗೆ ಹೇಳಿದಳು. ಲೆಗಿಯೆಮ್ ಕಿರುಚಿದಾಗ ಅವನ ಕೈ ಸಡಿಲವಾಯಿತು.

"ನೋವಾಗ್ಲಿ ಬಿಡಣ್ಣ. ನೀನು ಕೈ ಬಿಟ್ರೆ ಹೋಗ್ಬಿಡ್ತಾಳೆ. ತಿರುಚು."

ಚಿಮ್ಮುವುದು ನಿಂತಿತು. ಆದರೆ ಹಣ್ಣು ತುಂಬಿ ನಿಂತಿದ್ದ ಲಾರಿಯಲ್ಲಿ ಹೋದರೂ ಆಸ್ಪತ್ರೆಗೆ ಒಂದು ಗಂಟೆಯ ದಾರಿ.

ಮೇಸ್ತ್ರಿ ಸರ್ಜೋನೋ ಬೈಕಿನಲ್ಲಿ ಬಂದ. ಔಷಧಿ ಪೆಟ್ಟಿಗೆ ಕೇಳಿದರೆ, ಅದು ತಪಾಸಣೆಯವರು ಬಂದಾಗ ಗೋಡೆಗೆ ನೇತುಹಾಕುವುದಕ್ಕೆ, ಒಳಗೇನೂ ಇಲ್ಲ ಎಂದ. ಆಮೇಲೆ ಲಾರಿಯ ಹತ್ತಿರ ಹೋಗಿ, ಹಣ್ಣಿನ ಮೇಲೆ ರಕ್ತ ಸಿಡಿದಿದೆಯೇ ಎಂದು ಬಗ್ಗಿ ನೋಡಿದ. ಥೂ, ಇವನೂ ಒಬ್ಬ ತಾಯಿಯ ಮಗನೇ ಅನ್ನಿಸಿತು ಪೊನಿರಾಳಿಗೆ. ಆದರೂ ಆಸ್ಪತ್ರೆಗೆ ಲಾರಿ ಕೊಡಿ ಎಂದು ಕೇಳಿದಳು.

"ಇವ್ಳು ಕೆಲಸದವ್ಳೇ ಅಲ್ಲ. ಪಟ್ಟೀಲಿ ಹೆಸರೆಲ್ಲಿದೆ? ಕಂಪನಿ ಲಾರಿ ಹೆಂಗ್ ಕೊಡ್ಲಿ? ಹಣ್ಣು ಸಂಜೆಯೊಳ್ಗೆ ಗಿರಣಿ ಸೇರ್ಬೇಕು."

ಪೊನಿರಾ ಗಾಯದ ಮೇಲಿಂದ ಕೈ ಎತ್ತಲಿಲ್ಲ.

"ಸರಿ ಸ್ವಾಮಿ. ಹಂಗಾದ್ರೆ ನಾವ್ಯಾರೂ ಕೆಲಸದವ್ರಲ್ಲ. ನಾವು ಆರ್ಸಿದ ಹಣ್ಣೂ ನಿಮ್ಮದಲ್ಲ. ಸುರೀರ್ರೇ ಕೆಳಕ್ಕೆ."

ಹತ್ತು ಹೆಂಗಸರು ಲಾರಿ ಹತ್ತಿದರು. ಮೂಟೆ ಮೂಟೆ ಹಣ್ಣು ಕೆಸರಿಗೆ ಬಿತ್ತು. ಗಂಡಸರು ಮೊದಲು ಹೆದರಿ ನಿಂತರು. ಆಮೇಲೆ ಗೊನೆಗಳನ್ನೂ ಉರುಳಿಸಿದರು. ಒಬ್ಬೊಬ್ಬಳ ಹೆಸರೂ ಬರೆದುಕೊಂಡು ದೊಡ್ಡ ಸಾಹೇಬರಿಗೆ ಕೊಡುತ್ತೇನೆಂದು ಮೇಸ್ತ್ರಿ ಪುಸ್ತಕ ಬಿಚ್ಚಿದ.

"ಬರ್ಕೊಳ್ಳಿ," ಎಂದಳು ಪೊನಿರಾ. "ಇಷ್ಟ್ ವರ್ಷ ಬರೀಲೇ ಇಲ್ವಲ್ಲ."

ಹಣ್ಣು ಸುರಿಯುತ್ತಲೇ ಹೆಂಗಸರು ಒಬ್ಬೊಬ್ಬರಾಗಿ ತಮ್ಮ ಹೆಸರು ಹೇಳಿದರು. ಅವನ ಪೆನ್ನು ಅಲುಗಲಿಲ್ಲ. ಗಾಯಾಳುವನ್ನು ಲಾರಿಗೆ ಎತ್ತಿದರು. ಪೊನಿರಾಳ ಅಂಗೈ ಕೆಳಗೆ ಮಲಗಿದ್ದವಳು ಬಿಳಿಚಿದ ತುಟಿ ತೆರೆದಳು.

"ಲೆಗಿಯೆಮ್," ಎಂದಳು. "ಅದನ್ನೂ ಬರ್ಕೊಳ್ಳಿ."