ಒಳಗಿನ ನೀರು

ಬೈರಮ್ಮ ಕೆಟ್ಟವಳಲ್ಲ. ಇದನ್ನು ಮೊದಲೇ ಹೇಳಿಬಿಡುವುದು ವಾಸಿ, ಕತೆ ಮುಗಿದ ಮೇಲೆ ಹೇಳಿದರೆ ಯಾರೂ ನಂಬಲಿಕ್ಕಿಲ್ಲ. ಕಗ್ಗದಾಸಪುರ ಇನ್ನೂ ಹಳ್ಳಿಯಾಗಿದ್ದಾಗ ರಾಗಿ ಬೆಳೆಯುತ್ತಿದ್ದ ತಮ್ಮ ಹೊಲದಲ್ಲಿ ಅವಳ ಗಂಡ ಮುನಿಆಂಜನಪ್ಪ ಸಾಲಾಗಿ ಶೀಟಿನ ರೂಮುಗಳನ್ನು ಕಟ್ಟಿಸಿ ಬಾಡಿಗೆಗೆ ಬಿಟ್ಟಿದ್ದ. ರಾಯಚೂರು, ಯಾದಗಿರಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರು ಅಲ್ಲಿದ್ದರು. ಅವರಲ್ಲಿ ಯಾರಿಗಾದರೂ ಜ್ವರ ಬಂದರೆ ಗಂಜಿ ಕಾಯಿಸಿ ಕೊಡುವವಳು ಬೈರಮ್ಮ, ಗಂಡಹೆಂಡಿರ ಜಗಳ ಬಿಡಿಸುವವಳೂ ಅವಳೇ. ಬಾಯಿ ಮಾತ್ರ ಸ್ವಲ್ಪ ಜೋರು.

ಅಂಗಳದಲ್ಲಿ ಬಾಡಿಗೆಯವರಿಗೆಂದೇ ಒಂದು ಬೋರ್‌ವೆಲ್ ಇತ್ತು, ಅದರ ಪಕ್ಕಕ್ಕೇ ಕಕ್ಕಸಿನ ಗುಂಡಿ. ಗುಂಡಿಯನ್ನು ದೂರ ತೋಡಿಸಬಹುದಿತ್ತು. ಹಾಗೆ ಮಾಡಿದ್ದರೆ ಒಂದು ರೂಮಿನ ಜಾಗ ಹೋಗುತ್ತಿತ್ತು. ಮನೆಯವರು ಆ ನೀರನ್ನು ಬಾಯಿಗೆ ಹಾಕುತ್ತಿರಲಿಲ್ಲ. ಮುನಿಆಂಜನಪ್ಪ ವಿಮಾನಪುರದ ತನ್ನ ಷಡ್ಡಕನ ಮನೆಯಿಂದ ಟಿವಿಎಸ್ ಗಾಡಿಯ ಮೇಲೆ ಕ್ಯಾನುಗಳನ್ನು ಕಟ್ಟಿಕೊಂಡು ಕಾವೇರಿ ನೀರು ತರುತ್ತಿದ್ದ. ಬೈರಮ್ಮ ಅದನ್ನು ಬಟ್ಟೆಯಲ್ಲಿ ಸೋಸಿ ಅಡುಗೆಮನೆಯ ಹಿತ್ತಾಳೆ ಕೊಳಗಕ್ಕೆ ತುಂಬುತ್ತಿದ್ದಳು. ನೆಂಟರು, ಮೇಷ್ಟರು, ಬೀಗರು, ಯಾರೇ ಬರಲಿ, ಲೋಟದಲ್ಲಿ ಹೊರಗೆ ಬರುತ್ತಿದ್ದುದು ಒಳಗಿನ ನೀರು. ಬಾಡಿಗೆಯವರಿಗೆ ಅಂಗಳದ ನಲ್ಲಿ. ಹೀಗೇ ಇರಬೇಕೆಂದು ಯಾರೂ ಹೇಳಿರಲಿಲ್ಲ, ಏಕೆ ಹೀಗೆ ಎಂದು ಯಾರೂ ಕೇಳಿಯೂ ಇರಲಿಲ್ಲ.

ಎರಡು ಸಾವಿರದ ಮೂರನೇ ಇಸವಿಯ ಬೇಸಿಗೆಯಲ್ಲಿ ಶಿವಾಜಿನಗರದ ತಾಹೇರಾ ಎಂಬ ಹೆಣ್ಣುಮಗಳು ಅಂಗಳಕ್ಕೆ ಬಂದಳು. ನೀರಿನಿಂದ ಬರುವ ಕಾಯಿಲೆ ಬಡವರ ಸಾಲುಮನೆಗಳಿಗೇ ಏಕೆ ಹೆಚ್ಚು ಎಂದು ತಿಳಿಯಲು ಕೆಲವು ಡಾಕ್ಟರುಗಳು, ಮನೆ ಮಾಲೀಕರು, ಬಾಡಿಗೆಯವರು ಸೇರಿ ಒಂದು ಕೂಟ ಮಾಡಿಕೊಂಡಿದ್ದರು. ತಾಹೇರಾ ಅದರ ಕಾರ್ಯಕರ್ತೆ. ಕೆಟ್ಟ ನೀರಿನ ಅಂಗಳಗಳನ್ನು ತೋರಿಸಿಕೊಟ್ಟರೆ ಅಲ್ಲಿಗೆ ದಿನವೂ ಒಳ್ಳೆಯ ನೀರಿನ ಟ್ಯಾಂಕರು ಕಳಿಸಲು ನಗರಸಭೆ ಒಪ್ಪಿತ್ತು.

"ನೋಡಿ, ನಿಮ್ಮ ನೀರನ್ನ ನೀವೇ ಹಿಡೀಬೇಕು. ನಾವು ಬರೀ ಲ್ಯಾಬಿಗೆ ತಗೊಂಡ್ ಹೋಗೋರು. ನಮ್ಮ ಮೇಲೆ ನಿಮಗೆ, ನಿಮ್ಮ ಮೇಲೆ ನಮಗೆ ಭರೋಸಾ ಇರ್ಬೇಕು, ಅಷ್ಟೇ" ಎಂದಳು ತಾಹೇರಾ.

ಈ ಅಂಗಳದ ಪರವಾಗಿ ಯಾರು ಎಂಬ ಮಾತು ಬಂದಾಗ ಮೊದಲು ಬಾಯಿಬಿಟ್ಟವಳು ಮೂಲೆಯ ರೂಮಿನ ಭೀಮಬಾಯಿ. ಅವಳು, ಗಂಡ ಹುಸೇನಪ್ಪ ಇಬ್ಬರೂ ಗಾರೆ ಕೆಲಸದವರು. ಗಂಗಾ ಎಂಬ ಒಬ್ಬಳೇ ಮಗಳು.

"ನಮ್ಮ ಅಕ್ಕಾರ ಹಿಡೀಲಿ ಬಿಡ್ರಿ. ಅವರಿಗಿಂತ ನಮಗ ಬ್ಯಾರೆ ಯಾರದಾರ?" ಎಂದಳು ಭೀಮಬಾಯಿ.

ಬೈರಮ್ಮ ಹಿಗ್ಗಿಹೋದಳು. ತಾಹೇರಾ ಕೊಟ್ಟ ಬಾಟಲಿಯನ್ನು ದೇವರ ಗೂಡಿನಲ್ಲಿಟ್ಟಳು. ಅಂಗಳದ ನಲ್ಲಿಯನ್ನು ಸ್ವಲ್ಪ ಹೊತ್ತು ಬಿಟ್ಟು ಆಮೇಲೆ ಹಿಡಿಯಬೇಕು ಎಂದು ಹೇಳಿದ್ದು ಅವಳಿಗೆ ಚೆನ್ನಾಗಿ ನೆನಪಿತ್ತು. ಮರೆತೆ ಎನ್ನುವ ನೆಪ ಅವಳಿಗಿರಲಿಲ್ಲ.

ಬೆಳಿಗ್ಗೆ ನಲ್ಲಿ ತಿರುಗಿಸಿದಾಗ ನೀರು ತುಸು ಹಳದಿಯಾಗಿ, ಒಂಥರಾ ವಾಸನೆ ಹೊಡೆಯುತ್ತ ಬಂತು. ಇದನ್ನು ಡಾಕ್ಟರುಗಳ ಕೈಗೆ ಕೊಡುವುದೇ? ಮನೆಗೆ ಬಂದ ದೊಡ್ಡವರ ಮುಂದೆ ಹಳಸಿದ ಅನ್ನ ಇಟ್ಟ ಹಾಗಲ್ಲವೇ? ಬೈರಮ್ಮನಿಗೆ ನಾಚಿಕೆಯಾಯಿತು. ಅಷ್ಟರಲ್ಲಿ ಒಳಗಿಂದ ಮುನಿಆಂಜನಪ್ಪ ಅಂದ: "ಏಯ್, ನಮ್ ನೀರು ಸರಿಯಿಲ್ಲ ಅಂತ ಊರೆಲ್ಲಾ ಸಾರಿದ್ರೆ ನಾಳೆ ರೂಮಿಗೆ ಯಾವನು ಬರ್ತಾನೆ? ನೋಡ್ಕೊಂಡು ಮಾಡು."

ಬೈರಮ್ಮ ನಲ್ಲಿ ನಿಲ್ಲಿಸಿದಳು. ಅಡುಗೆಮನೆಗೆ ಹೋದಳು. ಕೊಳಗದ ಮುಚ್ಚಳ ತೆಗೆದು ಬಾಟಲಿ ತುಂಬಿದಳು. ಬಂದವರಿಗೆ ಎಂದಾದರೂ ಅಂಗಳದ ನೀರು ಕೊಟ್ಟವರುಂಟೇ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಆ ಸಮಾಧಾನ ಅವಳಿಗೆ ಬಹಳ ದಿನ ಸಾಕಾಗಲಿಲ್ಲ.

ಅಂಗನವಾಡಿಯಲ್ಲಿ ಸಭೆ ಸೇರಿದಾಗ ತಾಹೇರಾ ಫಲಿತಾಂಶ ಹೇಳಿದಳು. ಸುತ್ತಮುತ್ತಲಿನ ಅಂಗಳಗಳ ನೀರೆಲ್ಲ ಕೆಟ್ಟಿತ್ತು. ಬೈರಮ್ಮನ ಅಂಗಳದ್ದು ಮಾತ್ರ ಕುಡಿಯಲು ಯೋಗ್ಯ. "ನಿಮ್ಮ ಅದೃಷ್ಟ ಅಮ್ಮ" ಎಂದು ತಾಹೇರಾ ನಕ್ಕಳು. ಬಾಡಿಗೆಯವರು ಚಪ್ಪಾಳೆ ತಟ್ಟಿದರು. ಬೈರಮ್ಮನ ಕೈಗಳು ಮಡಿಲಲ್ಲೇ ಇದ್ದವು. ಟ್ಯಾಂಕರು ಪಕ್ಕದ ಅಂಗಳದವರೆಗೆ ಬಂದು ಹಿಂದಕ್ಕೆ ಹೋಗುವುದು ಶುರುವಾಯಿತು.

ಆವರೆಗೆ ಭೀಮಬಾಯಿ ಕುಡಿಯುವ ನೀರನ್ನು ತಾನು ಕೆಲಸ ಮಾಡುವ ಕಟ್ಟಡದಿಂದ ಹೊತ್ತು ತರುತ್ತಿದ್ದಳು. ಕೆಲಸ ಮುಗಿಸಿ ಸೊಂಟ ಬಿದ್ದುಹೋಗಿದ್ದರೂ ತಲೆಯ ಮೇಲೊಂದು ಕೊಡ. ಸಭೆಯ ಮರುದಿನ ಅವಳು ಬರಿಗೈ ಬೀಸಿಕೊಂಡು ಬಂದಳು. "ಇನ್ನ ಯಾಕ ಹೊರೂದ್ರಿ ಅಕ್ಕಾರ? ನಮ್ಮ ಅಂಗಳದಾಗ ಬಂಗಾರದಂಥಾ ನೀರು ಇಟಗೊಂಡು!" ಎಂದು ರೂಮಿನಿಂದ ಕೊಡ ತಂದು ನಲ್ಲಿಗೆ ಹಿಡಿದಳು.

ಆಗಲೇ ಹೇಳಬಹುದಿತ್ತು. ಆಗ ಹೇಳಿದ್ದರೆ ಒಂದು ನಗೆಯಲ್ಲಿ ಮುಗಿದುಹೋಗುತ್ತಿತ್ತು. "ಕಾಯಿಸ್ಕೊಂಡು ಕುಡೀರಮ್ಮ" ಎಂದಷ್ಟೇ ಹೇಳಿದಳು ಬೈರಮ್ಮ.

"ಸೀಮೆಎಣ್ಣಿ ಎಲ್ಲೈತ್ರಿ? ಡಾಕ್ಟರಽ ಚಲೋ ಐತಿ ಅಂದಾರಲ್ಲ" ಎಂದಳು ಭೀಮಬಾಯಿ.

ಮಳೆ ಶುರುವಾದ ಮೇಲೆ ಗಂಗಾ ಹಾಸಿಗೆ ಹಿಡಿದಳು. ಮೊದಲು ವಾಂತಿ, ಆಮೇಲೆ ಜ್ವರ, ಕಡೆಗೆ ಕಣ್ಣು ಅರಿಶಿನದ ಬಣ್ಣಕ್ಕೆ ತಿರುಗಿತು. ಆಸ್ಪತ್ರೆಯಲ್ಲಿ ಕಾಮಾಲೆ ಎಂದು ಹೇಳಿ ಸೇರಿಸಿಕೊಂಡರು. ಹುಸೇನಪ್ಪ ಅಂಗಳದಲ್ಲೇ ಎಲ್ಲರ ಮುಂದೆ ಹೆಂಡತಿಗೆ ಬಾಯಿಗೆ ಬಂದಂತೆ ಬೈದ. ಬೀದಿಯಲ್ಲಿ ಐಸ್ ಕೊಡಿಸಿದ್ದಕ್ಕೇ ಹೀಗಾಯಿತು ಎಂದ. ಭೀಮಬಾಯಿಯೂ ಹಾಗೇ ನಂಬಿದ್ದಳು. "ನಂದಽ ತಪ್ಪು ಅಕ್ಕಾರ. ಅಳತೈತಿ ಅಂತ ಕೊಡಿಸಿದೆ. ನಾನಽ ನನ್ನ ಮಗಳಿಗೆ ಇಸ ಹಾಕಿದೆ" ಎಂದು ಬೈರಮ್ಮನ ಭುಜಕ್ಕೆ ಒರಗಿ ಅತ್ತಳು.

ಬೈರಮ್ಮ ಅವಳ ಬೆನ್ನು ಸವರಿದಳು. ಸವರುತ್ತಿದ್ದ ಕೈಯನ್ನು ಕತ್ತರಿಸಿ ಎಸೆಯಬೇಕು ಅನ್ನಿಸಿತು. ಆಸ್ಪತ್ರೆಗೆ ಗಂಜಿ ಕಳಿಸಿದಳು, ಎಳನೀರು ಕಳಿಸಿದಳು, ಹಲಸೂರಿನ ಸೋಮೇಶ್ವರನಿಗೆ ಹರಕೆ ಹೊತ್ತಳು. ಒಂದು ದಿನ ಮೋಟಾರಿನ ಫ್ಯೂಸು ಕಿತ್ತು ಬಚ್ಚಿಟ್ಟಳು. ಮುನಿಆಂಜನಪ್ಪ ಸಂಜೆಯೊಳಗೆ ಹೊಸದು ಹಾಕಿಸಿದ. ಬಾಯೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಮಾಡಿ ನೋಡಿದಳು. ನಲ್ಲಿ ಹರಿಯುತ್ತಲೇ ಇತ್ತು.

ಗಂಗಾ ಉಳಿದುಕೊಂಡಳು. ಅವಳನ್ನು ಮನೆಗೆ ಕರೆತರುವ ಹಿಂದಿನ ದಿನ ಭೀಮಬಾಯಿ ಬಂದು ರೂಮು ಸಾರಿಸಿ, ಹೊಸ ಬಿಂದಿಗೆ ತಂದು ನಲ್ಲಿಯ ಕೆಳಗಿಟ್ಟಳು. ಮಗುವಿನ ಕತೆ ಕೇಳಿ ತಾಹೇರಾ ಕೂಡ ಬಂದಿದ್ದಳು. "ಏನೇನು ತಿಂತಿತ್ತು ನೆನಪು ಮಾಡ್ಕೊಳಮ್ಮ. ನೀರಂತೂ ಅಲ್ಲ, ಅದನ್ನ ನೋಡಿದ್ದೀವಿ" ಎಂದು ಭೀಮಬಾಯಿಯನ್ನು ವಿಚಾರಿಸುತ್ತಿದ್ದಳು.

"ಡಾಕ್ಟರು ನೀರು ಜಾಸ್ತಿ ಕುಡಸ್ರಿ ಅಂದಾರ. ಬಂದ ಕೂಡ್ಲೆ ಹೊಟ್ಟಿ ತುಂಬ ಕುಡಸ್ತೀನಿ" ಎಂದಳು ಭೀಮಬಾಯಿ.

ಬಿಂದಿಗೆ ತುಂಬುವ ಸದ್ದು ಬದಲಾಗುತ್ತ ಕಂಠದವರೆಗೆ ಬಂತು. ಬೈರಮ್ಮ ಜಗಲಿಯಿಂದ ಇಳಿದು ಬಂದು ಬಿಂದಿಗೆಯನ್ನು ಕಾಲಿನಿಂದ ಉರುಳಿಸಿದಳು. ಕಾಲಿನಿಂದ ನೀರು ಒದ್ದದ್ದು ಅವಳ ಬಾಳಿನಲ್ಲಿ ಅದೇ ಮೊದಲು.

"ಕುಡಿಸ್ಬೇಡ. ಆ ಬಾಟ್ಲಿಗೆ ನಾನು ಈ ನೀರು ಹಿಡೀಲಿಲ್ಲ ಕಣಮ್ಮ. ಒಳಗಿನ್ದು ಹಾಕ್ಕೊಟ್ಟೆ. ಬೇಕೂಂತ್ಲೇ ಹಾಕ್ಕೊಟ್ಟೆ."

"ಯಾ ಅಲ್ಲಾ! ಟ್ಯಾಂಕರು ನಿಮ್ಮ ಬಾಗಿಲ ತನಕ ಬಂದು ವಾಪಸ್ ಹೋಗ್ತಿತ್ತಲ್ಲಮ್ಮ" ಎಂದು ತಾಹೇರಾ ಅಲ್ಲೇ ಕಲ್ಲಿನ ಮೇಲೆ ಕುಳಿತುಬಿಟ್ಟಳು. ಒಳಗೆ ಟಿವಿಯ ಸದ್ದು ನಿಂತಿತು. ಮುನಿಆಂಜನಪ್ಪ ಬಾಗಿಲಿಗೆ ಬಂದು ನಿಂತ.

ಬೈರಮ್ಮ ಬೈಗುಳಕ್ಕೆ ಕಾದಳು. ಕೆನ್ನೆಗೆ ಬಾರಿಸಿದರೂ ತೆಗೆದುಕೊಳ್ಳಲು ತಯಾರಿದ್ದಳು. ಭೀಮಬಾಯಿ ಮಾತ್ರ ಉರುಳಿದ ಬಿಂದಿಗೆಯನ್ನು ಎತ್ತಿ ನಿಲ್ಲಿಸಿ, ಸೆರಗಿನಿಂದ ಅದರ ಮಣ್ಣು ಒರೆಸಿದಳು.

"ಗಂಗಾ ಹುಟ್ಟಿದಾಗಿಂದ ನಿಮ್ಮ ಅಂಗಳದಾಗ ಅದೀವ್ರಿ" ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. "ಒಂದ ದಿನಾನೂ ನಮಗ ಒಳಗಿನ ನೀರು ಕೊಟ್ಟಿಲ್ಲ. ಬಾಟ್ಲಿಗೆ ಕೊಟ್ರಿ."

ಬಾಟಲಿಯ ಸುಳ್ಳಿಗೆ ಮಾತ್ರ ಬೈರಮ್ಮ ಇಷ್ಟು ದಿನ ಬೆಂದಿದ್ದಳು. ಇದು ಅದಕ್ಕಿಂತ ಹಳೆಯದು, ಇದಕ್ಕೆ ಅವಳ ಬಳಿ ಗಂಡನ ನೆಪವೂ ಇರಲಿಲ್ಲ. ಓಡುವಂತೆ ಒಳಗೆ ಹೋಗಿ ಕೊಳಗವನ್ನೇ ಎತ್ತಿಕೊಂಡು ಬಂದಳು. ನೀರು ತುಳುಕಿ ಸೀರೆಯ ಮೇಲೆಲ್ಲ ಚೆಲ್ಲಿತು. ಮುನಿಆಂಜನಪ್ಪ ಬಾಗಿಲು ಬಿಟ್ಟು ಪಕ್ಕಕ್ಕೆ ಸರಿದ, ಆದರೆ ಅವಳ ಮುಖ ನೋಡಲಿಲ್ಲ.

ಭೀಮಬಾಯಿ ಬೇಡ ಎನ್ನಲಿಲ್ಲ. ನಾಳೆ ಮಗು ಬರುವುದಿತ್ತು, ಬೇಡ ಎನ್ನುವಂತಿರಲಿಲ್ಲ. ಬಿಂದಿಗೆಯನ್ನು ಮುಂದೆ ಹಿಡಿದಳು. ಕೊಳಗ ಬರಿದಾಗುವವರೆಗೆ ಬೈರಮ್ಮ ಸುರಿದಳು.

"ನಾಡದ್ದೂ ಕೊಡ್ತೀರೇನ್ರಿ?" ಎಂದು ಕೇಳಿದಳು ಭೀಮಬಾಯಿ.

"ಕೊಡ್ತೀನಿ" ಎಂದಳು ಬೈರಮ್ಮ.

ಭೀಮಬಾಯಿ ಬಿಂದಿಗೆಯನ್ನು ಸೊಂಟಕ್ಕೇರಿಸಿಕೊಂಡು ತಾಹೇರಾಳ ಕಡೆ ತಿರುಗಿದಳು. "ಅಕ್ಕಾ, ಆ ಟ್ಯಾಂಕರ್ ಸಾಹೇಬ್ರಿಗೆ ಇವತ್ತಽ ಹೇಳ್ರಿ. ಮತ್ತ ಬಾಟ್ಲಿ ತರ್ರಿ. ಈ ಸಲ ನಾನು ಹಿಡೀತೀನಿ."