ಕಲ್ಲುಮನೆಯ ಬಾಗಿಲು

ಶನಿವಾರ ಮಧ್ಯಾಹ್ನ ನಾವು ನಾಲ್ವರು ಊರ ಗ್ರಂಥಾಲಯದಲ್ಲಿ ಮೈ ಕಾಯಿಸುವ ಒಲೆಯ ಸುತ್ತ ಕೂತು ದೆವ್ವದ ಕಥೆ ಓದುತ್ತೇವೆ. ದೆವ್ವವೇ ಆಗಬೇಕೆಂದಿಲ್ಲ, ಕೊಲೆ, ಶಾಪ, ನೆಲಮಾಳಿಗೆಯಲ್ಲಿ ಉಸಿರಾಡುವ ಏನೋ ಒಂದು, ಯಾವುದಾದರೂ ನಡೆಯುತ್ತದೆ. ಚಿಕ್ಕದಾಗಿರಬೇಕು, ಬೆನ್ನು ಜುಮ್ಮೆನ್ನಬೇಕು, ಕತ್ತಲಾಗುವ ಮೊದಲು ಮುಗಿಯಬೇಕು. "ಈ ವಯಸ್ಸಲ್ಲಿ ಇದೆಲ್ಲ ಯಾಕಪ್ಪ?" ಎಂದು ನನ್ನ ಮಗಳು ಕೇಳುತ್ತಾಳೆ. ಈ ವಯಸ್ಸಲ್ಲಲ್ಲದೆ ಇನ್ಯಾವಾಗ? ಅಮೆರಿಕದ ವರ್ಮಾಂಟಿನ ಬೆಟ್ಟದ ರಸ್ತೆಗಳಲ್ಲಿ ಹಿಮ ಸರಿಸುವ ಲಾರಿ ಓಡಿಸಿಯೇ ಮುದುಕನಾದವನು ನಾನು. ನಿಜವಾದ ಭಯವನ್ನು ಹೊಟ್ಟೆ ತುಂಬ ಉಂಡಿದ್ದೇನೆ, ಅದರಲ್ಲಿ ಏನೂ ರುಚಿಯಿಲ್ಲ. ಕಥೆಯ ಭಯಕ್ಕೆ ರುಚಿಯಿದೆ. ಜೊತೆಗೆ ಬಿಸಿ ಕಾಫಿಯೂ ಇದ್ದರೆ ಕೇಳುವುದೇ ಬೇಡ.

ಗ್ರಂಥಾಲಯ ನೋಡಿಕೊಳ್ಳುವ ವಿನಿಫ್ರೆಡ್ ನಮ್ಮ ಯಜಮಾನಿ. ಮರದ ಮಿಲ್ಲಿನಲ್ಲಿದ್ದ ಡ್ವೇನ್ ನೋಡಲು ಬಾಗಿಲಿನಷ್ಟು ಅಗಲ, ಒಳಗೆ ಶುದ್ಧ ಪುಕ್ಕಲ. ಓದುವವಳು ಓಡೆಟ್. ಅವಳು ದನಿ ತಗ್ಗಿಸಿದಳೆಂದರೆ ಸಾಕು, ಡ್ವೇನ್ ಕುರ್ಚಿಯನ್ನು ನನ್ನ ಪಕ್ಕಕ್ಕೆ ಎಳೆದುಕೊಳ್ಳುತ್ತಾನೆ. ಶಾಲೆಯಲ್ಲಿ ಒಂದೇ ಬೆಂಚಿನಲ್ಲಿ ಕೂತವರು ನಾವು, ನಾಚಿಕೆಯೇನೂ ಇಲ್ಲ.

ಜನವರಿಯಲ್ಲಿ ಓಡೆಟ್‌ಳ ಗಂಡ ಆರ್ಮಂಡ್ ತೀರಿಕೊಂಡ. ನಮ್ಮಲ್ಲಿ ಚಳಿಗಾಲದಲ್ಲಿ ಸತ್ತವರನ್ನು ಕೂಡಲೇ ಹೂಳಲಾಗುವುದಿಲ್ಲ. ನೆಲ ಬಂಡೆಯಾಗಿರುತ್ತದೆ, ಗುದ್ದಲಿ ಇಳಿಯುವುದಿಲ್ಲ. ಸ್ಮಶಾನದ ಅಂಚಿನ ಕಲ್ಲುಮನೆಯಲ್ಲಿ ಪೆಟ್ಟಿಗೆ ಇಟ್ಟು ಬೀಗ ಹಾಕುತ್ತಾರೆ. ಮಣ್ಣು ಮಾಡುವುದು ಮೇ ತಿಂಗಳಲ್ಲಿ. ಅಲ್ಲಿಯವರೆಗೆ ಮನೆಯವರು ಅರ್ಧ ಕಳಿಸಿಕೊಟ್ಟು, ಇನ್ನರ್ಧಕ್ಕೆ ಕಾಯುತ್ತಿರಬೇಕು.

ಓಡೆಟ್ ಮತ್ತೆ ಬರತೊಡಗುವ ಮೊದಲೇ ವಿನಿಫ್ರೆಡ್ ಅಪ್ಪಣೆ ಹೊರಡಿಸಿದಳು. "ಹೆಣ ಬೇಡ, ಗೋರಿ ಬೇಡ, ಸತ್ತ ಗಂಡಂದಿರು ಬೇಡ. ಹಿಮನೂ ಬೇಡ."

"ಇನ್ನೇನು ಉಳೀತೇ?" ಎಂದೆ.

"ಹುಡುಕ್ತೀನಿ, ಸುಮ್ನಿರು."

ಹುಡುಕಿದ್ದು ಮಾಟ ಹತ್ತಿದ ಬೆಣ್ಣೆ ಕಡೆಯುವ ಯಂತ್ರದ ಕಥೆ. ಮರುವಾರ ಒಂದು ಟೋಪಿಯ ಕಥೆ. ಅದು ತಾನಾಗಿಯೇ ಗೂಟದಿಂದ ಗೂಟಕ್ಕೆ ಹೋಗುತ್ತಿತ್ತು, ಅಷ್ಟೇ. ಭಯವೆಂಬುದು ನೀರು ಹೆಚ್ಚಾದ ಸಾರಿನಂತಾಯಿತು. ಓಡೆಟ್‌ಳಿಗೆ ದಣಿವಾಗಬಾರದೆಂದು ಓದುವ ಕೆಲಸವನ್ನೂ ಅವಳಿಂದ ಕಿತ್ತುಕೊಂಡೆವು. ಅವಳು ತಲೆಯೆತ್ತದೆ ಉಲ್ಲನ್ ಹೆಣೆಯುತ್ತಿದ್ದಳು. ಒಂದು ದಿನ ಕೋಟು ಹಾಕಿಕೊಳ್ಳುತ್ತ, "ಬರೋ ವಾರ ನಾನು ಬರೋದು ಅನುಮಾನ. ಇಲ್ಲಿ ಬಂದ್ರೂ ಮನೇಲಿ ಇದ್ದ ಹಾಗೇ ಇದೆ," ಎಂದಳು.

ನನಗೆ ನಿಜಕ್ಕೂ ಹೆದರಿಕೆಯಾಯಿತು. ನಮ್ಮ ಚಳಿಗಾಲದಲ್ಲಿ ಹೀಗೆ ಮನೆ ಸೇರಿದವರನ್ನು ಕಂಡಿದ್ದೇನೆ. ಮೊದಲು ಚರ್ಚಿಗೆ ಬರುವುದು ನಿಲ್ಲಿಸುತ್ತಾರೆ, ಆಮೇಲೆ ಅಂಗಡಿಗೆ, ಆಮೇಲೆ ಕಿಟಕಿಯ ಪರದೆ ಸರಿಸುವುದನ್ನೂ. ಓಡೆಟ್ ಹಾಗಾಗುವುದು ನನ್ನಿಂದ ನೋಡಲಾಗದು.

"ಅವಳಿಗೆ ಏನು ಬೇಡ ಅಂತ ಅವಳನ್ನೇ ಕೇಳಿದ್ಯಾ?" ಎಂದೆ ವಿನಿಫ್ರೆಡ್‌ಗೆ.

"ಅದನ್ನೂ ಕೇಳ್ಬೇಕಾ? ಬುದ್ಧಿ ಇಲ್ವಾ ನಿಂಗೆ, ಹೋಲಿಸ್?"

"ಇಲ್ಲ. ಅದಕ್ಕೇ ಕೇಳ್ತೀನಿ."

ಸೀದಾ ಓಡೆಟ್‌ಳ ಮನೆಗೆ ಹೋದೆ. ಅಡುಗೆಮನೆಯ ಮೇಜಿನ ತುಂಬ ಊರವರು ತಂದುಕೊಟ್ಟ ಊಟದ ಪಾತ್ರೆಗಳು, ಒಂದನ್ನೂ ಮುಟ್ಟಿರಲಿಲ್ಲ. "ಏನು ಓದೋಣ ಹೇಳು," ಎಂದೆ. ಅವಳು ನನ್ನನ್ನೇ ನೋಡಿದಳು. "ಶನಿವಾರ ಬಂದು ಕರ್ಕೊಂಡು ಹೋಗು. ಕಥೆ ನಾನೇ ತರ್ತೀನಿ."

ತಂದದ್ದು ಎಂಥ ಕಥೆ ಎನ್ನುತ್ತೀರಿ. ಒಂದು ಬೆಟ್ಟದೂರು, ಗಟ್ಟಿ ಚಳಿ, ಹೆಣ ಇಡುವ ಕಲ್ಲುಮನೆ, ಅದಕ್ಕೊಬ್ಬ ಕಾವಲುಗಾರ. ಎರಡನೇ ಪುಟಕ್ಕೇ ವಿನಿಫ್ರೆಡ್ ನಿಲ್ಲಿಸುವಂತೆ ನನಗೆ ಕಣ್ಸನ್ನೆ ಮಾಡಿದಳು. ನಾನು ಒಲೆ ನೋಡುತ್ತ ಕೂತೆ. ಡ್ವೇನ್‌ನ ಕೈಯಲ್ಲಿದ್ದ ಡೋನಟ್ ಪುಡಿಯಾಗಿ ಅವನ ತೊಡೆಯ ಮೇಲೆ ಉದುರುತ್ತಿತ್ತು. ಓಡೆಟ್ ದನಿ ತಗ್ಗಿಸಿದಳು. ಕಾವಲುಗಾರ ಬೀಗ ಹಾಕಿ ಹೊರಟ. ಆಗ ಒಳಗಿನಿಂದ ಯಾರೋ ಬಾಗಿಲು ಬಡಿದರು.

ಅಲ್ಲಿಗೆ ಅವಳು ನಿಲ್ಲಿಸಿದಳು.

"ಇದು ಆರ್ಮಂಡ್ ಅಲ್ಲ ಬಿಡಿ," ಎಂದಳು. "ಮದುವೆ ಆದಾಗಿಂದ ಬಡ್ಕೊಂಡಿದೀನಿ, ಬಾಗಿಲು ತಟ್ಟಿ ಬಾರೋ ಅಂತ. ಬಚ್ಚಲಿಗೂ ಹಾಗೇ ನುಗ್ತಿದ್ದ. ಈಗ ಕಲಿತಾನಾ ಅವನು?"

ಮೊದಲು ನಕ್ಕವನು ಡ್ವೇನ್. ಆ ನಗುವಿಗೆ ಕಪಾಟಿನ ಗಾಜು ಅದುರಿತು. ವಿನಿಫ್ರೆಡ್ ನಗುತ್ತ ನಗುತ್ತ ಅಳತೊಡಗಿ ಕನ್ನಡಕ ತೆಗೆದಳು.

"ನನ್ನಿಂದ ತಪ್ಪಾಯ್ತು ಕಣೆ," ಎಂದಳು.

"ಊರೆಲ್ಲ ನನ್ನ ಮುಂದೆ ಪಿಸುಪಿಸು ಅನ್ನತ್ತೆ, ನೀವೂ ಶುರು ಮಾಡಿದ್ರಿ," ಎಂದಳು ಓಡೆಟ್. "ಮನೇಲಿ ಎದೆ ಡವಡವ ಅಂದ್ರೆ ನಾನೊಬ್ಳೇ. ಇಲ್ಲಿ ನಾಲ್ಕು ಜನಕ್ಕೂ ಅನ್ನತ್ತೆ. ಅದಕ್ಕೇ ಕಣ್ರೇ ಬರ್ತಿದ್ದಿದ್ದು."

"ಕೊನೇ ಪುಟ ಓದೇ ತಾಯಿ," ಎಂದ ಡ್ವೇನ್. "ಆಮೇಲೆ ಅಳೋಣ. ನನ್ ಕೈಲಿ ತಡ್ಕೊಳಕ್ಕಾಗ್ತಿಲ್ಲ."

ಓದಿದಳು. ಕೊನೆ ಬಹಳ ಕೆಟ್ಟದಾಗಿತ್ತು, ಕಾವಲುಗಾರ ಉಳಿಯಲಿಲ್ಲ. ನಮಗೆಲ್ಲ ತುಂಬ ಹಿಡಿಸಿತು.

ಮನೆಗೆ ಬಿಡುವಾಗ ಸ್ಮಶಾನದ ಹತ್ತಿರ ಗಾಡಿ ನಿಲ್ಲಿಸು ಎಂದಳು. ಹೊತ್ತು ಇನ್ನೂ ಮುಳುಗಿರಲಿಲ್ಲ. ನಾನು ಕಿಟಕಿ ಗಾಜು ಇಳಿಸಿಕೊಂಡು ಗಾಡಿಯಲ್ಲೇ ಕೂತೆ. ಹಿಮದಲ್ಲಿ ಕಾಲು ಹೂತುಕೊಳ್ಳುತ್ತ ಕಲ್ಲುಮನೆಗೆ ನಡೆದು, ಕೈಗವಸು ತೆಗೆದು ಬಾಗಿಲನ್ನು ಗಟ್ಟಿಯಾಗಿ ತಟ್ಟಿದಳು.

"ಕೇಳಿಸ್ತಾ ಆರ್ಮಂಡ್? ಹೀಗೆ ತಟ್ಟಬೇಕು," ಎಂದಳು. "ಮೇ ತನಕ ಟೈಮಿದೆ, ಕಲ್ತ್ಕೋ."

ಆಮೇಲೆ ಬಾಗಿಲಿಗೆ ಕಿವಿಯಿಟ್ಟು ನಿಂತಳು. ಬಹಳ ಹೊತ್ತು ನಿಂತಳು. ವಾಪಸು ಬಂದಾಗ ಕೆನ್ನೆ ಕೆಂಪಾಗಿತ್ತು, ಮುಖದಲ್ಲಿ ನಗು.

"ಹೊಟ್ಟೆ ಹಸೀತಿದೆ," ಎಂದಳು. ನಂತರ ನನ್ನ ಕಡೆ ತಿರುಗಿದಳು. "ಅಲ್ಲ ಹೋಲಿಸ್, ನಾನು ಕಿವಿ ಇಟ್ಟ ತಕ್ಷಣ ಗಾಡಿ ಗಾಜು ಯಾಕೆ ಏರಿಸ್ದೆ?"

ಚಳಿ ಎಂದೆ.