ಏಳು ಸೀಟು, ಒಂದು ದೋಣಿ

ನಮ್ಮ ವೈಕೊರೊ ಕೊಲ್ಲಿಯಲ್ಲಿ ದೋಣಿಯ ಟ್ರೈಲರನ್ನು ಹಿಮ್ಮುಖವಾಗಿ ನೀರಿಗಿಳಿಸುವುದರಲ್ಲಿ ನನ್ನನ್ನು ಮೀರಿಸುವವರು ಇನ್ನೂ ಹುಟ್ಟಿಲ್ಲ. ಹುಟ್ಟಿದ್ದರೂ ಅವರಿಗಿನ್ನೂ ಲೈಸೆನ್ಸ್ ಸಿಗುವ ವಯಸ್ಸಾಗಿಲ್ಲ. ನ್ಯೂಜಿಲೆಂಡಿನ ಈ ಉತ್ತರದ ತುದಿಯಲ್ಲಿ ಮನೆಗೊಂದು ತುಕ್ಕು ಹಿಡಿದ ಟ್ರ್ಯಾಕ್ಟರ್ ಇರುತ್ತದೆ. ಮರಳಿನ ಮೇಲೆ ದೋಣಿ ತಳ್ಳುವುದು ಬಿಟ್ಟರೆ ಅದಕ್ಕೆ ಬೇರೆ ಕೆಲಸವಿಲ್ಲ. ನಮ್ಮ ಮನೆಯಲ್ಲಿ ಮಾತ್ರ ಇಲ್ಲ. ಟ್ರ್ಯಾಕ್ಟರ್ ಬೇಕಾಗುವುದು ಕನ್ನಡಿ ನೋಡಿಕೊಂಡು ಗಾಡಿ ಹಿಂದಕ್ಕೆ ಬಿಡಲು ಬಾರದವರಿಗೆ. ನಾನು ಹನ್ನೊಂದು ವರ್ಷ ನಮ್ಮ ಸಂಸಾರದ ಸ್ಟೇಷನ್ ವ್ಯಾಗನ್ನಿನಲ್ಲೇ, ಒಂದು ಕೈಯಲ್ಲಿ ಮಾಂಸದ ಪೈ, ಇನ್ನೊಂದರಲ್ಲಿ ಸ್ಟೀರಿಂಗ್ ಹಿಡಿದು, ಮಗುವನ್ನು ತೊಟ್ಟಿಲಿಗೆ ಹಾಕಿದ ಹಾಗೆ ದೋಣಿಯನ್ನು ಅಲೆಯ ಮೇಲೆ ಮಲಗಿಸಿದವನು. ಆ ನೋಟಕ್ಕೆಂದೇ ಪಕ್ಕದ ಕೊಲ್ಲಿಗಳಿಂದ ಜನ ಕುರ್ಚಿ ತರುತ್ತಿದ್ದರು.

ದೋಣಿ ದೊಡ್ಡದೇನಲ್ಲ. ಹದಿನೈದು ಅಡಿ, ಫೈಬರ್ ಮೈ, ಒಂದು ಕಾಲದಲ್ಲಿ ಬಿಳಿಯಾಗಿದ್ದ ಬಣ್ಣ. ನನ್ನ ಮಾವ ನಾರ್ಮನ್ ತೀರಿಕೊಳ್ಳುವ ಮುನ್ನ, ಸ್ವಂತ ಮಗ ಕ್ಲೈವ್ ಪಕ್ಕದಲ್ಲೇ ನಿಂತಿರುವಾಗ, ನನ್ನ ಕೈಗೆ ಕೊಟ್ಟದ್ದು. ಅದರ ದೊಡ್ಡ ಗುಣವೆಂದರೆ ಅಲುಗಾಡುವುದಿಲ್ಲ, ಅದರಲ್ಲೂ ಈಚಿನ ನಾಲ್ಕು ವರ್ಷಗಳಿಂದ. ಬೇರೆಯವರ ದೋಣಿಗಳು ಅಲೆಗೆ ಕಪ್ಪೆಯಂತೆ ಕುಪ್ಪಳಿಸುವಾಗ ನನ್ನದು ಸಮುದ್ರದಲ್ಲಿ ನೆಟ್ಟ ಬಂಡೆಯ ಹಾಗೆ ಕೂತಿರುತ್ತದೆ. ಅದರಲ್ಲಿ ನಿಂತು, ತಲೆಯ ಮೇಲೆ ತುಂಬಿದ ಚಹಾದ ಕಪ್ಪು ಇಟ್ಟುಕೊಂಡು, ನಾನು ಸ್ನ್ಯಾಪರ್ ಮೀನು ಹಿಡಿದಿದ್ದೇನೆ. ಒಂದು ಮೀನನ್ನಂತೂ ಮೇಲೆತ್ತಿದಾಗ ಕೊಲ್ಲಿಯ ನೀರು ಎರಡು ಬೆರಳು ಇಳಿಯಿತು. ರಸ್ತೆಯಲ್ಲಿ ಬ್ರೇಕ್ ಹಾಕಿದರೆ ದೋಣಿಯೊಳಗಿಂದ ಗುಳುಗುಳು ಸದ್ದು ಬರುತ್ತಿತ್ತು. ಹಳೆಯ ದೋಣಿಯಲ್ಲವೇ, ಸಮುದ್ರದ ಸದ್ದು ಅದರ ಮೈಯಲ್ಲಿ ಉಳಿದುಕೊಂಡಿದೆ ಎಂದು ಮಕ್ಕಳಿಗೆ ಹೇಳಿದ್ದೆ. ಅವರು ನಂಬಿದ್ದರು. ನಾನೂ ನಂಬಿದ್ದೆ.

ವ್ಯಾಗನ್ ಸತ್ತದ್ದು ಅಕ್ಟೋಬರ್ ಮೊದಲ ವಾರ. ಕಡಲತೀರದಿಂದ ಮೇಲೇರುವ ದಿಬ್ಬದ ಅರ್ಧಕ್ಕೆ ಬಂದಾಗ ಕ್ಲಚ್ ಸುಟ್ಟ ವಾಸನೆ ಎಷ್ಟು ಜೋರಾಗಿ ಎದ್ದಿತೆಂದರೆ, ಮೇಲೆ ಹಾರುತ್ತಿದ್ದ ಕಡಲಹಕ್ಕಿಗಳು ಕೆಮ್ಮಿದವು. ಉಪ್ಪುನೀರು ತಿಂದು ತೂತಾಗಿದ್ದ ಗಾಡಿಯ ತಳದಿಂದ ನಮ್ಮತ್ತೆ ಬೆರಿಲ್ ಅವರ ಎಡಗಾಲಿನ ಚಪ್ಪಲಿ ರಸ್ತೆಗೆ ಬಿತ್ತು. ನೆರೆಮನೆಯ ಮೆರೆ ಎಂಬಾಕೆ ತನ್ನ ಟ್ರ್ಯಾಕ್ಟರ್ ತಂದು ನಮ್ಮನ್ನೂ ದೋಣಿಯನ್ನೂ ಒಟ್ಟಿಗೆ ಮನೆಗೆ ಎಳೆದಳು. ಎಪ್ಪತ್ತು ದಾಟಿದ ಹೆಂಗಸು. ದಾರಿಯುದ್ದಕ್ಕೂ ಒಮ್ಮೆಯೂ ತಿರುಗಿ ನೋಡಲಿಲ್ಲ, ಆದರೆ ಭುಜಗಳು ಕುಲುಕುತ್ತಿದ್ದವು.

ಅಂಗಳದಲ್ಲಿ ನನ್ನ ಹೆಂಡತಿ ನೈರಿ ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಕೇಳು ಗಾರ್ತ್. ಈ ತಿಂಗಳ ಕೊನೇ ಸೋಮವಾರದ ರಜೆಗೆ ಇನ್ನು ಮೂರು ವಾರ ಇದೆ. ನಾವಿಬ್ರು, ಮೂರು ಹುಡ್ಗೀರು, ಅಮ್ಮ, ಅಮ್ಮನ ವಾಕರ್, ನಾಯಿ, ಇಷ್ಟೂ ಹಿಡಿಸೋ ಗಾಡಿ ಬೇಕು. ಅದೇ ಗಾಡಿ ದೋಣೀನೂ ಎಳೀಬೇಕು. ರಜೆಗೆ ಮುಂಚಿನ ಶುಕ್ರವಾರದೊಳಗೆ ಸಿಗ್ಲಿಲ್ವೋ, ದೋಣಿ ಅಣ್ಣನಿಗೆ. ಆಮೇಲೆ ಗಾಡಿ ನಾನು ಆರಿಸ್ಕೋತೀನಿ."

"ಕ್ಲೈವ್‌ಗಾ? ಅವನು ಸ್ನಾನದ ತೊಟ್ಟಿಗಿಳಿಯೋಕೂ ಲೈಫ್ ಜಾಕೆಟ್ ಹಾಕ್ಕೊಳ್ಳೋನು."

"ಅವನು ಶೆಡ್ ಕಟ್ಟಿಸಿ ಆಗಿದೆ," ಎಂದಳು ನೈರಿ.

ಮೂರು ವಾರ. ನನ್ನಂಥವನಿಗೆ ಮೂರು ಗಂಟೆ ಸಾಕು ಎಂದುಕೊಂಡೆ.

ಪಟ್ಟಣದಲ್ಲಿ ಹಳೆಯ ಗಾಡಿ ಮಾರುವ ಲಿಂಡ್ಸೆ ಎಂಬವನಿದ್ದಾನೆ. ಮೊದಲ ಶನಿವಾರವೇ ನೈರಿ ಅವನ ಅಂಗಳದಲ್ಲಿ ನೀಲಿ ಬಣ್ಣದ ಏಳು ಸೀಟಿನ ವ್ಯಾನೊಂದರ ಬಾಗಿಲು ತೆಗೆದು, ಹಾಕಿ, ಮತ್ತೆ ತೆಗೆದು, "ಇದು," ಎಂದಳು. ಮೆಟ್ಟಿಲು ತಗ್ಗು, ಬಾಗಿಲು ಜಾರುವುದು, ಹಿಂದೆ ವಾಕರ್ ನಿಲ್ಲಿಸಲು ಜಾಗ. ಬೆರಿಲ್ ಒಳಗೆ ಕೂತು ಬಿಸ್ಕತ್ತು ತೆಗೆದೂ ಆಗಿತ್ತು. ಏಳುನೂರೈವತ್ತು ಕಿಲೋ ಎಳೆಯುತ್ತದೆ ಎಂದ ಲಿಂಡ್ಸೆ. ನಮ್ಮ ಮಾವನ ಕಾಗದದ ಪ್ರಕಾರ ದೋಣಿ, ಎಂಜಿನ್, ಟ್ರೈಲರ್ ಎಲ್ಲ ಸೇರಿ ಆರುನೂರ ನಲವತ್ತು. ನೋಡೋಣ ಎಂದು ಲಿಂಡ್ಸೆ ವ್ಯಾನನ್ನು ನಮ್ಮ ಮನೆಬಾಗಿಲಿಗೇ ತಂದು, ಹಿಂದಿನ ಕೊಂಡಿಗೆ ದೋಣಿ ಸಿಕ್ಕಿಸಿ, ದಿಬ್ಬ ಹತ್ತಿಸಿದ.

ಹತ್ತಿಸಿದ ಎಂದೆನೇ? ವ್ಯಾನು ಅರ್ಧ ದಿಬ್ಬದಲ್ಲಿ ನಿಂತು, ಮುದಿ ಹಸುವಿನ ಹಾಗೆ ನಿಟ್ಟುಸಿರು ಬಿಟ್ಟು, ಹಿಂದಕ್ಕೆ ಜಾರತೊಡಗಿತು. ಆಗ ನಾನು ಒಂದೇ ಕೈಯಲ್ಲಿ ಅದನ್ನು ಹಿಡಿದು ನಿಲ್ಲಿಸದೆ ಹೋಗಿದ್ದರೆ ಎಲ್ಲರೂ ಸಮುದ್ರ ಸೇರುತ್ತಿದ್ದೆವು. (ಲಿಂಡ್ಸೆ ಹ್ಯಾಂಡ್‌ಬ್ರೇಕ್ ಹಾಕಿದ್ದೂ ಸ್ವಲ್ಪ ನೆರವಾಯಿತು.)

"ನಿನ್ನ ಗಾಡಿಗೆ ಗಂಟಲಿದೆ, ಎದೆ ಇಲ್ಲ," ಎಂದೆ.

"ಗುರುವೇ, ಮೊನ್ನೆ ಇದೇ ಗಾಡಿ ಏಳ್ನೂರು ಕಿಲೋ ಇಟ್ಟಿಗೆ ಎಳ್ಕೊಂಡು ಇದಕ್ಕಿಂತ ಕಡಿದಾದ ದಿಬ್ಬ ಹತ್ತಿದೆ. ನಿನ್ನ ದೋಣಿ ಒಮ್ಮೆ ತೂಕ ಹಾಕ್ಸು."

"ನಮ್ಮ ಮಾವ ಬರೆದಿಟ್ಟ ತೂಕ. ನಾರ್ಮನ್ ಸುಳ್ಳು ಹೇಳ್ತಿದ್ದ ಅಂತೀಯಾ?"

ಹಿಂದಿನ ಸೀಟಿನಲ್ಲಿದ್ದ ಬೆರಿಲ್ ಕಡೆ ನೋಡಿ ಲಿಂಡ್ಸೆ ಬಾಯಿ ಮುಚ್ಚಿಕೊಂಡ.

ಆಮೇಲಿನ ದಿನಗಳನ್ನು ನೆನೆದರೆ ಈಗಲೂ ಹಲ್ಲು ಕಡಿಯುತ್ತೇನೆ. ಒಂದು ಎತ್ತರದ ಪಿಕಪ್ ನೋಡಿದೆವು. ಅದು ದೋಣಿಯನ್ನಲ್ಲ, ಕೊಲ್ಲಿಯನ್ನೇ ಕಿತ್ತು ಎಳೆದುಕೊಂಡು ಹೋಗುತ್ತಿತ್ತು. ಆದರೆ ಸೀಟು ಐದೇ, ಬೆರಿಲ್ ಹತ್ತಬೇಕಾದರೆ ಏಣಿ ಬೇಕು. ನಾನು ಕೆಳಗಿನಿಂದ ನೂಕಿದೆ, ನೈರಿ ಮೇಲಿನಿಂದ ಎಳೆದಳು.

"ಗಾರ್ತ್," ಎಂದರು ಬೆರಿಲ್, ಅರ್ಧದಲ್ಲಿ ಸಿಕ್ಕಿಕೊಂಡು, "ನನ್ನನ್ನ ಹಿಂದೆ ದೋಣೀಲೇ ಕೂರ್ಸಿಬಿಡಪ್ಪ."

"ಕೂರ್ತೀರಾ?" ಎಂದೆ, ಆಸೆಯಿಂದ.

ನೈರಿ ನೋಡಿದ ನೋಟಕ್ಕೆ ಪಿಕಪ್ಪಿನ ಗಾಜು ಬಿರಿಯಬೇಕಿತ್ತು.

ಬ್ಯಾಟರಿಯ ಕಾರೊಂದು ಸಿಕ್ಕಿತು. ಸದ್ದಿಲ್ಲ, ಹೊಗೆಯಿಲ್ಲ, ಹಿಂದೆ ಹೊಳೆಯುವ ಕೊಂಡಿ. ಅರ್ಧ ದಿನ ಮಾತಾಡಿ ಮುಗಿಸಿದ ಮೇಲೆ ಆ ಕೊಂಡಿ ಸೈಕಲ್ ತೂಗುಹಾಕಲು ಮಾತ್ರ ಎಂದು ಗೊತ್ತಾಯಿತು. ಇನ್ನೊಂದು ದೊಡ್ಡ ಫೋರ್‌ವೀಲ್ ಗಾಡಿ. ಸೀಟು ಏಳು, ಬಲ ಆನೆಯದು, ಮೆಟ್ಟಿಲೂ ತಗ್ಗು. ಅದರ ಬೆಲೆ ಕೇಳಿ ನೈರಿ ಬಾಗಿಲನ್ನು ಎಷ್ಟು ಮೆಲ್ಲಗೆ ಮುಚ್ಚಿದಳೆಂದರೆ, ಅದು ನನಗೆ ಬೈಗುಳಕ್ಕಿಂತ ಜೋರಾಗಿ ಕೇಳಿಸಿತು. ಎಳೆಯುವುದರಲ್ಲಿ ಕೂರಲಾಗದು, ಕೂರುವುದು ಎಳೆಯದು, ಎರಡೂ ಮಾಡುವುದನ್ನು ಕೊಳ್ಳಲಾಗದು. ಮೂರು ವಾರದಲ್ಲಿ ಈ ದ್ವೀಪದ ಅಷ್ಟೂ ಗಾಡಿಗಳ ಚಕ್ರ ಒದ್ದಿದ್ದೇನೆ. ಬಲಗಾಲಿನ ಹೆಬ್ಬೆರಳು ಇವತ್ತಿಗೂ ನೆಟ್ಟಗಿಲ್ಲ.

ಗುರುವಾರ ಸಂಜೆ ಕ್ಲೈವ್ ಅಳತೆ ಟೇಪು ಹಿಡಿದುಕೊಂಡು ಬಂದ. ದೋಣಿಯ ಉದ್ದ ಅಳೆದ, ಅಗಲ ಅಳೆದ, ನನ್ನ ಮುಖ ಮಾತ್ರ ನೋಡಲಿಲ್ಲ.

"ಸುಮ್ನೆ ನೋಡ್ತಿದ್ದೆ ಮಾರಾಯ. ಶೆಡ್ಡಿನ ಬಾಗಿಲು ಸಾಲುತ್ತೋ ಇಲ್ವೋ ಅಂತ."

"ನಾಳೆ ಸಂಜೆವರೆಗೂ ಇದು ನಂದು."

"ನಿಂದೇ, ಯಾರು ಇಲ್ಲ ಅಂದ್ರು," ಎನ್ನುತ್ತಾ ಟ್ರೈಲರಿನ ಮೂತಿಯನ್ನು ಎತ್ತಲು ಬಗ್ಗಿದ. ಎತ್ತಲಾಗಲಿಲ್ಲ. ಮುಖ ಬೀಟ್‌ರೂಟಿನ ಬಣ್ಣಕ್ಕೆ ತಿರುಗಿತು. "ಅಪ್ಪ ಇದನ್ನ ಒಂದೇ ಕೈಲಿ ಎತ್ತೋನು. ಒಳಗೆ ಏನಿಟ್ಟಿದೀಯೋ?"

"ನಿನ್ನ ಅಪ್ಪನ ತೋಳು ನಿಂಗೆ ಬಂದಿಲ್ಲ," ಎಂದೆ. ಅವನು ಹೋದ ಮೇಲೆ ನಾನೂ ಎತ್ತಿ ನೋಡಿದೆ. ನನ್ನಂಥವನ ಸೊಂಟದಲ್ಲೂ ಒಂದು ಸದ್ದಾಯಿತು.

ಆಗ ಮೊದಲ ಬಾರಿಗೆ ಲೆಕ್ಕ ಹಾಕಿದೆ. ನಾಳೆ ಈ ಅಂಗಳ ಖಾಲಿ. ಭಾನುವಾರದ ಬೆಳಗ್ಗೆ ನಾನು ಹುಲ್ಲು ಕತ್ತರಿಸುತ್ತಿರುತ್ತೇನೆ, ಕ್ಲೈವ್ ನನ್ನ ದೋಣಿಯಲ್ಲಿ ಎರಡು ಲೈಫ್ ಜಾಕೆಟ್ ಹಾಕಿಕೊಂಡು ಕೂತಿರುತ್ತಾನೆ.

ಶುಕ್ರವಾರ ಬೆಳಗ್ಗೆ ಲಿಂಡ್ಸೆಯ ಮಾತನ್ನು ಸುಳ್ಳು ಮಾಡಲೆಂದೇ ಅವನ ಪಿಕಪ್ಪನ್ನು ಎರಡು ಗಂಟೆಗೆ ಕೇಳಿ ತಂದೆ. ನಮ್ಮಲ್ಲಿ ತೂಕ ಹಾಕುವ ಜಾಗ ಒಂದೇ, ಊರ ಹೊರಗಿನ ಕಸದ ಯಾರ್ಡಿನ ವೇಬ್ರಿಡ್ಜ್. ಆರುನೂರ ನಲವತ್ತು ಎಂದು ಚೀಟಿ ಬರೆಸಿ, ಅದನ್ನು ಲಿಂಡ್ಸೆಯ ಹಣೆಗೆ ಅಂಟಿಸಿ, ಎದೆಯಿರುವ ವ್ಯಾನು ಕೊಡು ಎನ್ನಬೇಕೆಂದಿದ್ದೆ. ನನ್ನ ಗಂಡನ ದೋಣಿ, ನಾನೂ ಬರುತ್ತೇನೆ ಎಂದು ಬೆರಿಲ್ ಹಟ ಹಿಡಿದರು. ಮೆರೆ ಹಾಲಿನ ಕ್ರೇಟು ತಂದು ಮೆಟ್ಟಿಲು ಮಾಡಿ ಹತ್ತಿಸಿದಳು. ನೈರಿಯೂ ಕೂತಳು, ಸಾಕ್ಷಿಗೆ.

ಟ್ರೈಲರನ್ನು ಕಳಚಿ ವೇಬ್ರಿಡ್ಜ್ ಮೇಲೆ ಬಿಟ್ಟೆ. ಕಿಟಕಿಯೊಳಗಿನ ಹೆಂಗಸು ಕನ್ನಡಕ ಸರಿಪಡಿಸಿಕೊಂಡಳು.

"ಸಾವಿರದ ನೂರ ಹತ್ತು."

"ನಿಮ್ಮ ಯಂತ್ರ ಕೆಟ್ಟಿದೆ," ಎಂದೆ.

"ಬೆಳಗ್ಗೆಯಿಂದ ಮೂವತ್ತು ಲಾರಿ ತೂಗಿದೀನಿ. ಯಾರೂ ಜಗಳ ಆಡ್ಲಿಲ್ಲ."

ನನ್ನ ಹಿಂದೆ ಕಸದ ಟ್ರೈಲರುಗಳು ಸಾಲುಗಟ್ಟಿದವು. ಯಂತ್ರ, ಗಾಳಿ, ಭೂಮಿಯ ಆಕರ್ಷಣೆ, ಎಲ್ಲವನ್ನೂ ಬೈದು ಮುಗಿಸುವಷ್ಟರಲ್ಲಿ ಪಿಕಪ್ಪಿನ ಕಿಟಕಿಯಿಂದ ಬೆರಿಲ್ ಅವರ ತಣ್ಣನೆಯ ದನಿ ಬಂತು.

"ಗಾರ್ತ್, ಬಿರಡೆ ತೆಗೆದಿದೀಯಾ?"

ನಾನು ಕೇಳಿಸದವನಂತೆ ಟ್ರೈಲರಿನ ಚಕ್ರ ನೋಡಿದೆ.

"ನಾರ್ಮನ್ ದಡಕ್ಕೆ ಬಂದ ತಕ್ಷಣ, ಬೂಟು ಬಿಚ್ಚೋಕೂ ಮುಂಚೆ, ಹಿಂದಿನ ಬಿರಡೆ ತೆಗೀತಿದ್ರು. ಒಳಗಿನ ನೀರೆಲ್ಲ ಹೋಗ್ಲಿ ಅಂತ. ನೀನು ಕೊನೇ ಸಲ ಯಾವಾಗ ತೆಗೆದೆ?"

ಇಲ್ಲಿ ಒಂದು ಹಳೆಯ ವಿಷಯ ಹೇಳಬೇಕು, ಹೇಳಲು ಇಷ್ಟವಿಲ್ಲ. ನಾಲ್ಕು ವರ್ಷದ ಹಿಂದೆ, ಇದೇ ರಜೆಯ ದಿನ, ಕೊಲ್ಲಿಯ ಜನವೆಲ್ಲ ಕುರ್ಚಿ ಹಾಕಿ ಕೂತಿದ್ದಾಗ, ನಾನು ಜಗತ್ತಿನಲ್ಲೇ ಅತ್ಯಂತ ಸುಂದರವಾಗಿ ದೋಣಿಯನ್ನು ನೀರಿಗಿಳಿಸಿದೆ. ಹಿಂಬದಿಯ ತೂತಿಗೆ ಬಿರಡೆ ಹಾಕುವುದನ್ನು ಮಾತ್ರ ಮರೆತಿದ್ದೆ. ಮೊಣಕಾಲುದ್ದದ ನೀರಿನಲ್ಲಿ, ಬುತ್ತಿಯ ಸಮೇತ, ದೋಣಿ ಕೂತುಬಿಟ್ಟಿತು. ಒಂದು ವರ್ಷ ಊರಿನ ಮಕ್ಕಳು ನನ್ನನ್ನು ಸಬ್‌ಮರೀನ್ ಎಂದು ಕರೆದರು. ಆ ದಿನವೇ ಬಿರಡೆಯನ್ನು ಇಕ್ಕಳದಿಂದ ಬಿಗಿದು, ಇನ್ನೆಂದೂ ತೆಗೆಯುವುದಿಲ್ಲ ಎಂದು ಪಣ ತೊಟ್ಟೆ. ತೆಗೆದರೆ ತಾನೇ ಹಾಕಲು ಮರೆಯುವುದು? ಇದಕ್ಕಿಂತ ಬುದ್ಧಿವಂತ ಉಪಾಯ ಯಾರಿಗಾದರೂ ಹೊಳೆದಿದ್ದರೆ ಹೇಳಲಿ. ಹರಿದ ಹೊದಿಕೆಯಿಂದ ನಾಲ್ಕು ವರ್ಷದ ಮಳೆ, ಅಲೆಯ ನೀರು, ತೊಳೆದ ನೀರು, ಎಲ್ಲವೂ ದೋಣಿಯ ನೆಲದಡಿಗೆ ಇಳಿದು ಅಲ್ಲೇ ಸಂಸಾರ ಹೂಡುತ್ತದೆ ಎಂಬುದು ಮಾತ್ರ ಹೊಳೆದಿರಲಿಲ್ಲ.

"ತೆಗಿ," ಎಂದಳು ನೈರಿ.

ಇಕ್ಕಳ ಹಾಕಿ ತಿರುಗಿಸಿದೆ. ಬಿರಡೆ ಬಂದದ್ದೇ ತಡ, ನೀರು ನನ್ನ ಎದೆಗೆ ಗುದ್ದಿತು. ಕಂದು ನೀರು, ಹಸಿರು ನೀರು, ಆಮೇಲೆ ಯಾವ ಬಣ್ಣವೆಂದು ಹೇಳಲಾಗದ ನೀರು. ಮುಕ್ಕಾಲು ಗಂಟೆ ಸುರಿಯಿತು. ಯಾರ್ಡಿನ ಕೆಳಗಿನ ಅರ್ಧ ಮುಳುಗಿತು, ಒಂದೆರಡು ಮೀನು ನನ್ನನ್ನು ಗುರುತು ಹಿಡಿದು ಬೈದುಕೊಂಡು ಈಜಿ ಹೋದವು. ಕಿಟಕಿಯ ಹೆಂಗಸು ಮತ್ತೆ ಓದಿದಳು.

"ಆರುನೂರ ಐವತ್ತೆಂಟು."

ಹಿಂದಿನ ಸಾಲಿನಲ್ಲಿ ಯಾರೋ ಚಪ್ಪಾಳೆ ತಟ್ಟಿದರು.

ನೈರಿ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಹಾಗಾದ್ರೆ ವ್ಯಾಗನ್ನಿನ ಕ್ಲಚ್ಚು?" ಎಂದಳು.

ನಾನು ಅಂಗಿಯ ನೀರು ಹಿಂಡತೊಡಗಿದೆ.

"ಮೂರು ವಾರದಿಂದ ನಾವು ನೀರು ಎಳೆಯೋಕೆ ಗಾಡಿ ಹುಡುಕ್ತಿದ್ವಿ, ಅಲ್ವಾ?" ಎನ್ನುತ್ತಾ ಫೋನ್ ತೆಗೆದಳು. "ಲಿಂಡ್ಸೆ, ಆ ನೀಲಿ ವ್ಯಾನು ಇನ್ನೂ ಇದೆಯಾ?"

ಇತ್ತು. ಮಧ್ಯಾಹ್ನ ಆ ವ್ಯಾನು ಅದೇ ದಿಬ್ಬವನ್ನು, ಅದೇ ದೋಣಿಯನ್ನು ಎಳೆದುಕೊಂಡು, ಅತ್ತೆ, ಮಕ್ಕಳು, ವಾಕರ್, ನಾಯಿ ಸಮೇತ, ಶಿಳ್ಳೆ ಹೊಡೆಯುತ್ತಾ ಹತ್ತಿತು. ಕ್ಲೈವನ ಶೆಡ್ಡಿಗೆ ಬೇರೇನಾದರೂ ಹುಡುಕಿಕೊಳ್ಳಲಿ. ದೋಣಿ ನನ್ನ ಬಳಿಯೇ ಉಳಿಯಿತು, ಒಂದು ಕರಾರಿನ ಮೇಲೆ. ದೋಣಿ ದಡದಲ್ಲಿರುವಾಗೆಲ್ಲ ಬಿರಡೆ ಬೆರಿಲ್ ಅವರ ಕೈಚೀಲದಲ್ಲಿರಬೇಕು.

ಸೋಮವಾರ ಬೆಳಗ್ಗೆ, ತುಂಬು ಉಬ್ಬರ. ಕೊಲ್ಲಿಯ ಜನ ಕುರ್ಚಿ ಹಾಕಿ ಕೂತಿದ್ದರು. ವೇಬ್ರಿಡ್ಜಿನ ಸುದ್ದಿ ನನಗಿಂತ ಮೊದಲೇ ಅಲ್ಲಿಗೆ ತಲುಪಿತ್ತು. ಮುಂದಿನ ಚಕ್ರಗಳ ಬಲದಲ್ಲಷ್ಟೇ ಓಡುವ ವ್ಯಾನು ಮರಳಿನಲ್ಲಿ ಹೂತುಹೋಗುತ್ತದೆಂದು ಮೆರೆ ತನ್ನ ಟ್ರ್ಯಾಕ್ಟರ್ ತಂದು ದೋಣಿಯನ್ನು ನೀರಿನಂಚಿಗೆ ನಿಲ್ಲಿಸಿದ್ದಳು. ನಾನು, ಕನ್ನಡಿ ನೋಡಿ ಹಿಂದಕ್ಕೆ ಬಿಡುವುದರಲ್ಲಿ ಸಾಟಿಯಿಲ್ಲದವನು, ಹಗ್ಗ ಹಿಡಿದು ನಿಂತಿದ್ದೆ.

"ಬಿರಡೆ, ಬೆರಿಲ್," ಎಂದೆ, ಆದಷ್ಟು ಮೆಲ್ಲಗೆ.

"ಏನಂದೆ? ಜೋರಾಗಿ ಹೇಳು, ಇವ್ರಿಗೂ ಕೇಳಿಸ್ಲಿ."

"ಬಿರಡೆ ಕೊಡಿ."

ಅವರು ಕೈಚೀಲ ತೆರೆದರು. ಕನ್ನಡಕ ಬಂತು. ಇನ್ನೊಂದು ಕನ್ನಡಕ ಬಂತು. ಪುದೀನ ಪೆಪ್ಪರ್ಮಿಂಟು, ಹೆಣೆಯುವ ಉಣ್ಣೆ, ನಾರ್ಮನ್ನಿನ ಹಳೆಯ ಫೋಟೊ. ಪ್ರತಿಯೊಂದನ್ನೂ ಮೆರೆಯ ಕೈಗೆ ಕೊಟ್ಟು, ಅದರ ಬಗ್ಗೆ ಎರಡು ಮಾತು ಹೇಳಿ, ಮತ್ತೆ ಕೈ ಹಾಕಿದರು. ಇಳಿತ ಶುರುವಾಗಿತ್ತು. ಟ್ರೈಲರಿನ ಚಕ್ರ ಮುಟ್ಟುತ್ತಿದ್ದ ನೀರು ಒಂದು ಮಾರು ಹಿಂದೆ ಹೋಯಿತು.

"ಬೇಗ ಅಪ್ಪಣೆ ಆಗ್ಲಿ, ಸಮುದ್ರ ಹೋಗ್ತಿದೆ," ಎಂದೆ.

"ಅವಸರ ಬೇಡ ಗಾರ್ತ್. ನಾಲ್ಕು ವರ್ಷ ಕಾಯ್ಲಿಲ್ವಾ ಆ ನೀರು," ಎಂದರು ಬೆರಿಲ್, ಮೊಣಕೈವರೆಗೂ ಚೀಲದೊಳಗೆ ಇಳಿದು. "ಇಲ್ಲೇ ಎಲ್ಲೋ ಇದೆ."

ಮೆರೆ ಟ್ರ್ಯಾಕ್ಟರಿನ ಎಂಜಿನ್ ಆರಿಸಿ ಫ್ಲಾಸ್ಕಿನಿಂದ ಚಹಾ ಬಗ್ಗಿಸಿಕೊಂಡಳು. ನೀರು ಇನ್ನೊಂದು ಮಾರು ಹಿಂದೆ ಸರಿಯಿತು.